ಆಂಜಿಯೋಗ್ರಾಂ ಸರಿಯಿದೆ, ಎದೆನೋವು ಹೋಗಿಲ್ಲ: ಹೃದಯದ ಕಿರುನಾಳ ರೋಗವನ್ನು ರಕ್ತಪರೀಕ್ಷೆ ತಿಳಿಸಬಲ್ಲುದೇ?

ಎದೆನೋವೆಂದು ಆಸ್ಪತ್ರೆಗೆ ಬಂದವರಿಗೆ ಆಂಜಿಯೋಗ್ರಾಂ ಮಾಡಿ, 'ರಕ್ತನಾಳದಲ್ಲಿ ಎಲ್ಲಿಯೂ ತಡೆಯಿಲ್ಲ, ನಿಶ್ಚಿಂತೆಯಿಂದಿರಿ' ಎಂದು ಹೇಳಿ ಕಳುಹಿಸುವುದು ಸಾಮಾನ್ಯ ಸಂಗತಿ. ಬಹುತೇಕರಿಗೆ ಅದು ನೆಮ್ಮದಿಯ ಮಾತು. ಆದರೆ ಮನೆಗೆ ಮರಳಿದ ಬಳಿಕವೂ ಮೆಟ್ಟಿಲು ಹತ್ತುವಾಗ, ತುಂಬಿದ ಕೊಡ ಎತ್ತುವಾಗ ಎದೆ ಹಿಂಡಿದಂತಾಗುವುದು ನಿಲ್ಲದವರೂ ಇದ್ದಾರೆ. ಇಂಥವರಲ್ಲಿ ಮಹಿಳೆಯರ ಸಂಖ್ಯೆಯೇ ಹೆಚ್ಚು. 'ಗ್ಯಾಸ್ ಇರಬೇಕು', 'ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ' ಎಂಬ ಮಾತು ಕೇಳಿ ಕೇಳಿ, ಕೊನೆಗೆ ನೋವನ್ನು ಹೇಳಿಕೊಳ್ಳುವುದನ್ನೇ ಬಿಟ್ಟವರೂ ಅವರಲ್ಲಿ ಇಲ್ಲದಿಲ್ಲ.

ಇವರಲ್ಲಿ ಗಣನೀಯ ಪಾಲಿನವರಿಗೆ ಇರುವುದು ನಿಜವಾದ ಹೃದಯದ ತೊಂದರೆಯೇ ಎಂಬುದನ್ನು ವೈದ್ಯವಿಜ್ಞಾನ ಈಗ ಒಪ್ಪಿಕೊಂಡಿದೆ. ತೊಂದರೆಯಿರುವುದು ಆಂಜಿಯೋಗ್ರಾಂನಲ್ಲಿ ಕಾಣುವ ದೊಡ್ಡ ಧಮನಿಗಳಲ್ಲಲ್ಲ. ಅದರ ಕಣ್ಣಿಗೆ ಬೀಳದ, ಕೂದಲೆಳೆಯಷ್ಟು ಸಣ್ಣ ನಾಳಗಳಲ್ಲಿ. ಇದನ್ನು ಕಿರುನಾಳ ಹೃದ್ರೋಗ ಎನ್ನಬಹುದು. ಇದನ್ನು ಖಚಿತಪಡಿಸುವ ಪರೀಕ್ಷೆಗಳು ದುಬಾರಿ. ಎಲ್ಲ ಊರುಗಳಲ್ಲಿ ದೊರೆಯುವಂಥವೂ ಅಲ್ಲ. ಆದ್ದರಿಂದಲೇ ಒಂದು ಸಣ್ಣ ಶೀಸೆಯಷ್ಟು ರಕ್ತದಿಂದ ರೋಗವನ್ನು ಗುರುತಿಸಲು ಸಾಧ್ಯವೇ ಎಂಬ ಹುಡುಕಾಟ ಜಗತ್ತಿನ ಹಲವೆಡೆ ನಡೆದಿದೆ. ಆ ಹುಡುಕಾಟ ಎಲ್ಲಿಗೆ ಬಂದು ನಿಂತಿದೆ, ಸಾಮಾನ್ಯ ರೋಗಿಗೆ ಅದರಿಂದ ಆಗುವ ಪ್ರಯೋಜನವೇನು, ಎಚ್ಚರ ವಹಿಸಬೇಕಾದುದು ಎಲ್ಲಿ ಎಂಬುದರ ವಿವರ ಇಲ್ಲಿದೆ.

ನಾಲೆ ತುಂಬಿದೆ, ಹೊಲ ಒಣಗಿದೆ

ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರು ಹರಿಯುತ್ತಿದ್ದರೂ ಕೊನೆಯಂಚಿನ ರಾಯಚೂರು ಭಾಗದ ಹೊಲಗಳಿಗೆ ಅದು ತಲುಪುತ್ತಿಲ್ಲವೆಂಬ ದೂರು ಓದುಗರಿಗೆ ಹೊಸದಲ್ಲ. ಮುಖ್ಯ ನಾಲೆಯ ಛಾಯಾಚಿತ್ರವನ್ನಷ್ಟೇ ನೋಡಿದವರಿಗೆ ಈ ದೂರು ಸುಳ್ಳೆನಿಸೀತು. ತೂಬು, ಉಪಕಾಲುವೆ, ಹೊಲಗಾಲುವೆಗಳ ಉದ್ದಕ್ಕೂ ನಡೆದು ನೋಡಿದವರಿಗೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಹೃದಯದ ವಿಷಯವೂ ಹೆಚ್ಚುಕಡಿಮೆ ಹೀಗೆಯೇ ಇದೆ.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ಧಮನಿಗಳು ಹೃದಯದ ಮೇಲ್ಮೈಯಲ್ಲಿ ಹರಡಿಕೊಂಡಿವೆ. ಇವುಗಳ ವ್ಯಾಸ ಕೆಲವು ಮಿಲಿಮೀಟರ್. ಇವು ಸ್ನಾಯುವಿನೊಳಗೆ ಇಳಿಯುತ್ತಾ ಕವಲೊಡೆದು ಕಿರಿದಾಗುತ್ತವೆ. ಅರ್ಧ ಮಿಲಿಮೀಟರಿಗಿಂತ ಸಣ್ಣದಾದ ನಾಳಗಳು ಆಂಜಿಯೋಗ್ರಾಂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲ. ಅಲ್ಲಿಂದ ಮುಂದಿನ ಕಿರುಧಮನಿಗಳು, ಅವುಗಳ ತುದಿಯ ಲೋಮನಾಳಗಳು ಸೇರಿ ಆಗಿರುವ ಜಾಲವೇ ಹೃದಯಕ್ಕೆ ಯಾವ ಕ್ಷಣದಲ್ಲಿ ಎಷ್ಟು ರಕ್ತ ಬೇಕೆಂಬುದನ್ನು ನಿಯಂತ್ರಿಸುತ್ತದೆ. ನಾಲೆಯ ತೂಬುಗಳಿದ್ದಂತೆ ಇವು ಹಿಗ್ಗಿದರೆ ರಕ್ತ ಹೆಚ್ಚು ಹರಿಯುತ್ತದೆ, ಕುಗ್ಗಿದರೆ ಕಡಿಮೆಯಾಗುತ್ತದೆ.

ಹೃದಯಕ್ಕೆ ಈ ಹಿಗ್ಗುವಿಕೆ ಏಕೆ ಅಷ್ಟು ಮುಖ್ಯ? ವಿಶ್ರಾಂತಿಯಲ್ಲಿರುವಾಗಲೇ ಹೃದಯದ ಸ್ನಾಯು ತನ್ನ ಬಳಿಗೆ ಬಂದ ರಕ್ತದ ಆಮ್ಲಜನಕದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಹೀರಿಕೊಂಡಿರುತ್ತದೆ. ಶ್ರಮದ ಸಮಯದಲ್ಲಿ ಹೆಚ್ಚುವರಿ ಆಮ್ಲಜನಕ ಬೇಕೆಂದರೆ ಹೆಚ್ಚುವರಿ ರಕ್ತವೇ ಬರಬೇಕು, ಬೇರೆ ದಾರಿಯಿಲ್ಲ. ಆರೋಗ್ಯವಂತರಲ್ಲಿ ಈ ಹರಿವು ವಿಶ್ರಾಂತಿಯ ಮಟ್ಟಕ್ಕಿಂತ ಮೂರು ನಾಲ್ಕು ಪಟ್ಟು ಏರಬಲ್ಲುದು. ಇದನ್ನು ಹರಿವಿನ ಮೀಸಲು ಎಂದು ಕರೆಯುತ್ತಾರೆ. ಕಿರುನಾಳಗಳು ಕೆಟ್ಟವರಲ್ಲಿ ಈ ಮೀಸಲು ಎರಡು, ಎರಡೂವರೆ ಪಟ್ಟಿಗಿಂತ ಕೆಳಗೆ ಇಳಿದಿರುತ್ತದೆ.

ಕೆಡುವ ಬಗೆ ಮುಖ್ಯವಾಗಿ ಎರಡು. ಮೊದಲನೆಯದು ರಚನೆಯ ದೋಷ. ದೀರ್ಘಕಾಲದ ಮಧುಮೇಹ, ರಕ್ತದೊತ್ತಡಗಳಿಂದ ಕಿರುನಾಳಗಳ ಗೋಡೆ ದಪ್ಪವಾಗುತ್ತದೆ, ಲೋಮನಾಳಗಳ ಸಂಖ್ಯೆಯೇ ಕುಸಿಯುತ್ತದೆ. ಎರಡನೆಯದು ವರ್ತನೆಯ ದೋಷ. ನಾಳ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಹಿಗ್ಗಬೇಕಾದಾಗ ಹಿಗ್ಗುವುದಿಲ್ಲ. ಕೆಲವೊಮ್ಮೆ ಸೆಳೆತಕ್ಕೆ ಸಿಲುಕಿದಂತೆ ತಾನಾಗಿ ಮುದುಡಿಕೊಳ್ಳುತ್ತದೆ. ಒಬ್ಬರಲ್ಲಿಯೇ ಎರಡೂ ಇರಬಹುದು.

ಹೆಸರಿಲ್ಲದ ರೋಗಕ್ಕೆ ಹೆಸರು ಬಂದ ಬಗೆ

1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಡಾ. ಮೇಸನ್ ಸೋನ್ಸ್ ಅವರ ಕೈಯಲ್ಲಿ, ಆಕಸ್ಮಿಕವೊಂದರಿಂದಾಗಿ, ಕರೋನರಿ ಆಂಜಿಯೋಗ್ರಫಿ ರೂಪುಗೊಂಡಿತು. ಹೃದಯದ ಧಮನಿಗಳನ್ನು ಜೀವಂತ ಮನುಷ್ಯನಲ್ಲಿ ಕಣ್ಣಾರೆ ನೋಡುವ ಅವಕಾಶ ಒದಗಿತು. ಅದರೊಂದಿಗೇ ಒಗಟೊಂದು ಎದುರಾಯಿತು. ಸ್ಪಷ್ಟವಾದ ಹೃದಯಶೂಲೆಯಿದ್ದೂ ಧಮನಿಗಳು ಸ್ವಚ್ಛವಾಗಿರುವ ಮಹಿಳೆಯರ ಬಗ್ಗೆ 1967ರಲ್ಲಿ ಡಾ. ವಿಲಿಯಂ ಲೈಕಾಫ್ ಮತ್ತು ಸಂಗಡಿಗರು ಬರೆದರು. 1973ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯರು ಇಂಥ ರೋಗಿಗಳನ್ನು ತಮ್ಮ ಅಧ್ಯಯನದಲ್ಲಿ 'ಎಕ್ಸ್' ಗುಂಪು ಎಂದು ಗುರುತಿಸಿದ್ದರು. ಅದನ್ನು ಕುರಿತು ಬರೆಯುತ್ತಾ ಡಾ. ಹಾರ್ವಿ ಕೆಂಪ್ ಅವರು 'ಸಿಂಡ್ರೋಮ್ ಎಕ್ಸ್' ಎಂಬ ಪದ ಬಳಸಿದರು. ಕಾರಣ ತಿಳಿಯದ ರೋಗಕ್ಕೆ ಅದೇ ಹೆಸರಾಗಿ ನಿಂತಿತು.

1988ರಲ್ಲಿ ರಿಚರ್ಡ್ ಕ್ಯಾನನ್ ಮತ್ತು ಸ್ಟೀಫನ್ ಎಪ್‌ಸ್ಟೀನ್ ಎಂಬ ವೈದ್ಯರು ದೋಷವಿರುವುದು ಕಿರುನಾಳಗಳಲ್ಲಿ ಎಂದು ವಾದಿಸಿ, ಕಿರುನಾಳದ ಹೃದಯಶೂಲೆ ಎಂಬ ಅರ್ಥದ ಹೆಸರನ್ನು ಮುಂದಿಟ್ಟರು. 1996ರಲ್ಲಿ ಅಮೆರಿಕ ಸರ್ಕಾರದ ನೆರವಿನಿಂದ ಮಹಿಳೆಯರ ಹೃದ್ರೋಗದ ಬಗ್ಗೆ 'ವೈಸ್' ಎಂಬ ದೀರ್ಘಾವಧಿ ಅಧ್ಯಯನ ಆರಂಭವಾಯಿತು. ಅದರ ಅಂಗವಾಗಿ, ಧಮನಿಗಳಲ್ಲಿ ಗಂಭೀರ ತಡೆಯಿಲ್ಲದ 159 ಮಹಿಳೆಯರ ಹರಿವಿನ ಮೀಸಲನ್ನು ಅಳೆದಾಗ 74 ಮಂದಿಯಲ್ಲಿ, ಅಂದರೆ ಶೇ. 47ರಷ್ಟು ಜನರಲ್ಲಿ ಅದು ಕಡಿಮೆಯಿತ್ತು. ಈ ವರದಿ 2001ರಲ್ಲಿ ಪ್ರಕಟವಾಯಿತು. ಮೀಸಲು ಕಡಿಮೆಯಿದ್ದವರಿಗೆ ಮುಂದಿನ ವರ್ಷಗಳಲ್ಲಿ ಹೃದಯಾಘಾತ, ಹೃದಯ ವೈಫಲ್ಯ, ಪಾರ್ಶ್ವವಾಯು ಮುಂತಾದ ಅಪಾಯ ಹೆಚ್ಚು ಎಂಬುದು ಅದೇ ಅಧ್ಯಯನದ 2010ರ ವರದಿಯಿಂದ ತಿಳಿದುಬಂತು. ನೋವು 'ಮನಸ್ಸಿನದು' ಎಂಬ ವಾದಕ್ಕೆ ಪೆಟ್ಟು ಬಿದ್ದುದು ಇಂಥ ಅಂಕಿಅಂಶಗಳಿಂದಲೇ.

2010ರಲ್ಲಿ ಪ್ರಕಟವಾದ ಇನ್ನೊಂದು ವರದಿಯಲ್ಲಿ, ಅಮೆರಿಕದಲ್ಲಿ ಪೂರ್ವನಿಗದಿಯಂತೆ ಆಂಜಿಯೋಗ್ರಾಂ ಮಾಡಿಸಿಕೊಂಡ ಸುಮಾರು 4 ಲಕ್ಷ ಜನರ ಪೈಕಿ ಗಂಭೀರ ತಡೆ ಕಂಡುಬಂದುದು ಶೇ. 37.6ರಷ್ಟು ಜನರಲ್ಲಿ ಮಾತ್ರ. ಉಳಿದವರಿಗೆಲ್ಲ ಕಿರುನಾಳ ರೋಗವಿತ್ತೆಂದು ಇದರ ಅರ್ಥವಲ್ಲ. ಆದರೆ 'ತಡೆಯಿಲ್ಲ' ಎಂಬ ಉತ್ತರ ಎಷ್ಟು ಜನರಿಗೆ ಸಿಗುತ್ತದೆ ಎಂಬುದರ ಅಂದಾಜು ಇದರಿಂದ ದೊರೆಯುತ್ತದೆ.

ಈಗಿನ ಪರೀಕ್ಷೆಗಳು

ರೋಗವನ್ನು ಖಚಿತಪಡಿಸಲು ಆಂಜಿಯೋಗ್ರಾಂ ಸಮಯದಲ್ಲಿಯೇ ಕೂದಲಿನಂಥ ತಂತಿಯನ್ನು ಧಮನಿಯೊಳಗೆ ಇಳಿಸಿ, ಅಡೆನೋಸಿನ್ ಎಂಬ ಔಷಧ ನೀಡಿ, ಹರಿವು ಎಷ್ಟು ಪಟ್ಟು ಏರಿತು, ಕಿರುನಾಳಗಳು ಒಡ್ಡುವ ಪ್ರತಿರೋಧ ಎಷ್ಟು ಎಂದು ಅಳೆಯುತ್ತಾರೆ. ಪ್ರತಿರೋಧದ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಸಹಜವೆಂದು ಪರಿಗಣಿಸುತ್ತಾರೆ. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಔಷಧವನ್ನು ನೀಡಿ ನಾಳ ಸೆಳೆತಕ್ಕೆ ಸಿಲುಕುತ್ತದೆಯೇ ಎಂದು ನೋಡುತ್ತಾರೆ. ತಂತಿ ಇಳಿಸದೆ ಪೆಟ್ ಸ್ಕ್ಯಾನ್, ಎಂಆರ್‌ಐ, ಡಾಪ್ಲರ್ ಎಕೋಗಳಿಂದಲೂ ಹರಿವಿನ ಮೀಸಲನ್ನು ಅಳೆಯಬಹುದು. 2024ರಲ್ಲಿ ಐರೋಪ್ಯ ಹೃದ್ರೋಗ ತಜ್ಞರ ಸಂಘದ ಮಾರ್ಗಸೂಚಿ, ಧಮನಿಗಳಲ್ಲಿ ಗಂಭೀರ ತಡೆಯಿಲ್ಲದೆಯೂ ಔಷಧಕ್ಕೆ ಬಗ್ಗದ ನೋವು ಉಳಿದವರಿಗೆ ತಂತಿಯ ಪರೀಕ್ಷೆಯನ್ನು ಬಲವಾಗಿ ಶಿಫಾರಸು ಮಾಡಿತು.

ಈ ಪರೀಕ್ಷೆಗಳಿಗೆಲ್ಲ ನುರಿತ ಕೈ, ಬೆಲೆಬಾಳುವ ಉಪಕರಣ, ದೊಡ್ಡ ಆಸ್ಪತ್ರೆ ಬೇಕು. ರಕ್ತಪರೀಕ್ಷೆಯಾದರೋ ತಾಲ್ಲೂಕು ಕೇಂದ್ರದಲ್ಲಿಯೂ ಆದೀತು. ರಕ್ತದಲ್ಲಿನ ಸೂಚಕಗಳ ಮೇಲೆ ಸಂಶೋಧಕರು ಆಸೆಯಿಟ್ಟುಕೊಂಡಿರುವುದು ಇದಕ್ಕಾಗಿ.

ಜೈವಿಕ ಸೂಚಕವೆಂದರೆ ದೇಹದೊಳಗೆ ನಡೆಯುತ್ತಿರುವ ಕ್ರಿಯೆಯೊಂದರ ಸುಳಿವು ನೀಡುವ, ಅಳೆಯಬಹುದಾದ ವಸ್ತು. ಸಕ್ಕರೆ ಕಾಯಿಲೆಗೆ ಎಚ್‌ಬಿಎ1ಸಿ ಇದ್ದಂತೆ. ಆದರೆ ಸೂಚಕದಿಂದ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ನಿರೀಕ್ಷಿಸಬಹುದು. ರೋಗ ಇದೆಯೇ ಇಲ್ಲವೇ ಎಂಬುದು ಒಂದು. ಇದ್ದರೆ ಮುಂದಿನ ಅಪಾಯವೆಷ್ಟು ಎಂಬುದು ಎರಡನೆಯದು. ಯಾವ ಕಾರಣದಿಂದ ಬಂದಿದೆ ಎಂಬುದು ಮೂರನೆಯದು. ಒಂದಕ್ಕೆ ಉತ್ತರಿಸುವ ಸೂಚಕ ಇನ್ನೊಂದಕ್ಕೆ ಉತ್ತರಿಸಬೇಕೆಂಬ ನಿಯಮವಿಲ್ಲ. ಮುಂದಿನ ವಿವರಗಳನ್ನು ಓದುವಾಗ ಈ ಭೇದ ನೆನಪಿನಲ್ಲಿರಬೇಕು.

ಉರಿಯೂತದ ಸೂಚಕ: ಸಿಆರ್‌ಪಿ

ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾಯಿತು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಇದನ್ನು ಕಂಡವರು. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕದ ಪ್ರೇರಣೆಯಿಂದ ಯಕೃತ್ತು ಇದನ್ನು ಹೆಚ್ಚು ತಯಾರಿಸುತ್ತದೆ. ಹೃದ್ರೋಗದ ಅಪಾಯ ಅಳೆಯಲು ಬಳಸುವುದು ಇದರ ಅತಿಸೂಕ್ಷ್ಮ ಪರೀಕ್ಷೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3ರವರೆಗೆ ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು ಎಂಬುದು ರೂಢಿಯಲ್ಲಿರುವ ಲೆಕ್ಕ.

ಉರಿಯೂತಕ್ಕೂ ಕಿರುನಾಳಕ್ಕೂ ನಂಟಿದೆ. ಲೂಪಸ್, ಸಂಧಿವಾತಗಳಂಥ ದೀರ್ಘಕಾಲದ ಉರಿಯೂತದ ರೋಗವುಳ್ಳವರಲ್ಲಿ, ದೊಡ್ಡ ಧಮನಿ ಸರಿಯಿದ್ದರೂ ಹರಿವಿನ ಮೀಸಲು ಕಡಿಮೆಯಿರುವುದು ಕಂಡುಬಂದಿದೆ. 'ಸಿಂಡ್ರೋಮ್ ಎಕ್ಸ್' ಎನಿಸಿಕೊಂಡವರಲ್ಲಿಯೂ ಸಿಆರ್‌ಪಿ ಹೆಚ್ಚಿದ್ದವರಿಗೆ ತೊಂದರೆ ಹೆಚ್ಚು. ಆದರೆ ಇದರ ಮಿತಿಯೂ ಅಷ್ಟೇ ಸ್ಪಷ್ಟ. ನೆಗಡಿ, ಹಲ್ಲಿನ ಸೋಂಕು, ಡೆಂಗಿ, ಚಿಕೂನ್‌ಗುನ್ಯಾ, ಬೊಜ್ಜು ಇವುಗಳಲ್ಲಿ ಯಾವುದಿದ್ದರೂ ಸಿಆರ್‌ಪಿ ಏರುತ್ತದೆ. ಜ್ವರ ಬಿಟ್ಟ ವಾರದಲ್ಲಿ ಮಾಡಿಸಿದ ಪರೀಕ್ಷೆಯ ಅಂಕಿ ಹಿಡಿದು ಹೃದಯದ ಬಗ್ಗೆ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಒಳಪದರದ ಸೂಚಕಗಳು

ರಕ್ತನಾಳದ ಒಳಗೋಡೆಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ. ಇದು ಬರಿಯ ಅಸ್ತರಿಯಲ್ಲ; ನಾಳ ಹಿಗ್ಗಬೇಕೋ ಕುಗ್ಗಬೇಕೋ ಎಂಬುದನ್ನು ತೀರ್ಮಾನಿಸುವ ಕಾರ್ಯಾಲಯ. ಈ ಪದರ ಕಿತ್ತುಹೋದ ನಾಳ ಹಿಗ್ಗುವ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದನ್ನು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಹಿಗ್ಗಿಸುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ಸಿದ್ಧವಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ದೊರೆಯಿತು.

ನೈಟ್ರಿಕ್ ಆಕ್ಸೈಡ್ ಕೆಲವೇ ಕ್ಷಣ ಉಳಿಯುವ ವಸ್ತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನೇರವಾಗಿ ಅಳೆಯಲಾಗದು. ಅದರ ಉತ್ಪಾದನೆಯನ್ನು ತಡೆಯುವ ಎಡಿಎಂಎ ಎಂಬ ವಸ್ತುವನ್ನು ಅಳೆಯುವ ಪ್ರಯತ್ನಗಳು ನಡೆದಿವೆ. ನಾಳವನ್ನು ಕುಗ್ಗಿಸುವ ಎಂಡೋಥೆಲಿನ್-1 ಇನ್ನೊಂದು ಸೂಚಕ. ಜಪಾನಿನ ಸುಕುಬಾ ವಿಶ್ವವಿದ್ಯಾಲಯದ ಮಸಾಶಿ ಯಾನಗಿಸಾವ ಮತ್ತು ಸಂಗಡಿಗರು 1988ರಲ್ಲಿ ಇದನ್ನು ಕಂಡುಹಿಡಿದರು. ಕಿರುನಾಳದ ಹೃದಯಶೂಲೆಯುಳ್ಳವರ ರಕ್ತದಲ್ಲಿ ಇದು ಹೆಚ್ಚಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಈ ಸೂಚಕದ ಕಥೆ ಒಂದು ಪಾಠವನ್ನೂ ಹೇಳುತ್ತದೆ. ಎಂಡೋಥೆಲಿನ್ ಉತ್ಪಾದನೆಯನ್ನು ಹೆಚ್ಚಿಸುವ ವಂಶವಾಹಿ ಭೇದವೊಂದು ಕಿರುನಾಳ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತದೆಂದು 2020ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಸಂಶೋಧಕರು ವರದಿ ಮಾಡಿದರು. ಹಾಗಿದ್ದರೆ ಎಂಡೋಥೆಲಿನ್ ಕೆಲಸವನ್ನು ತಡೆಯುವ ಔಷಧ ಕೊಟ್ಟರೆ ನೋವು ತಗ್ಗಬೇಕಲ್ಲವೇ? ಬ್ರಿಟನ್ನಿನಲ್ಲಿ ಜಿಬೊಟೆಂಟಾನ್ ಎಂಬ ಔಷಧದಿಂದ 'ಪ್ರೈಜ್' ಎಂಬ ಪ್ರಯೋಗ ನಡೆಯಿತು. 2024ರಲ್ಲಿ ಫಲಿತಾಂಶ ಹೊರಬಿತ್ತು. ರೋಗಿಗಳು ಟ್ರೆಡ್‌ಮಿಲ್ ಮೇಲೆ ನಡೆಯಬಲ್ಲ ಅವಧಿ ಹೆಚ್ಚಲಿಲ್ಲ; ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ರೋಗದ ಜೊತೆಯಲ್ಲಿ ಕಾಣಿಸಿಕೊಳ್ಳುವ ವಸ್ತುವನ್ನೆಲ್ಲ ರೋಗದ ಬೇರೆಂದು ತಿಳಿಯಲಾಗದು ಎಂಬುದಕ್ಕೆ ಇದೊಂದು ನಿದರ್ಶನ.

ಸ್ನಾಯುವಿನಿಂದ ಬರುವ ಸುಳಿವು

ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿನ ಪ್ರೋಟೀನ್. ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೋರುತ್ತದೆ. ಹೃದಯಾಘಾತವನ್ನು ಗುರುತಿಸುವಲ್ಲಿ ಇದಕ್ಕೆ ಸಾಟಿಯಾದ ಸೂಚಕ ಇನ್ನೊಂದಿಲ್ಲ. ಈಗಿನ ಅತಿಸೂಕ್ಷ್ಮ ಪರೀಕ್ಷೆಗಳು ಅತ್ಯಲ್ಪ ಪ್ರಮಾಣವನ್ನೂ ಅಳೆಯುತ್ತವೆ. ಕಿರುನಾಳ ರೋಗವಿರುವ ಕೆಲವರಲ್ಲಿ ಇದು ಹೃದಯಾಘಾತದ ಮಟ್ಟ ಮುಟ್ಟದಿದ್ದರೂ ಸಾಮಾನ್ಯಕ್ಕಿಂತ ತುಸು ಏರಿಯೇ ಇರುತ್ತದೆ. ಆದರೆ ಮೂತ್ರಪಿಂಡದ ರೋಗದಲ್ಲಿಯೂ, ಅತಿಯಾದ ಶ್ರಮದ ನಂತರವೂ ಇದು ಏರಬಹುದು.

ಎನ್‌ಟಿ-ಪ್ರೊ ಬಿಎನ್‌ಪಿ ಹೃದಯದ ಗೋಡೆ ಬಿಗಿದಾಗ, ಒತ್ತಡಕ್ಕೆ ಸಿಲುಕಿದಾಗ ರಕ್ತಕ್ಕೆ ಬರುವ ವಸ್ತು. ಇದರ ಮೂಲವಸ್ತು 1988ರಲ್ಲಿ ಮೊದಲು ಪತ್ತೆಯಾದುದು ಹಂದಿಯ ಮಿದುಳಿನಲ್ಲಿ. ಹಾಗಾಗಿ ಹೃದಯದ್ದೇ ಆದ ಈ ವಸ್ತುವಿನ ಹೆಸರಿನಲ್ಲಿ ಮಿದುಳು ಉಳಿದುಕೊಂಡಿದೆ! ಹೃದಯದ ಸಂಕೋಚನ ಶಕ್ತಿ ಸರಿಯಿದ್ದೂ ಏದುಸಿರು ಬರುವ ಒಂದು ಬಗೆಯ ಹೃದಯ ವೈಫಲ್ಯವಿದೆ. ಇಂಥ 202 ರೋಗಿಗಳನ್ನು ಪರೀಕ್ಷಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಶೇ. 75ರಷ್ಟು ಜನರಲ್ಲಿ ಕಿರುನಾಳಗಳ ದೋಷ ಕಂಡುಬಂತು. ದೋಷ ಹೆಚ್ಚಿದಂತೆ ಎನ್‌ಟಿ-ಪ್ರೊ ಬಿಎನ್‌ಪಿ ಹಾಗೂ ಮೂತ್ರದಲ್ಲಿನ ಆಲ್ಬುಮಿನ್ ಎರಡೂ ಹೆಚ್ಚಿದ್ದವು.

ಮೂತ್ರದ ಆಲ್ಬುಮಿನ್ ಇಲ್ಲಿ ಗಮನಾರ್ಹ. ಇದು ರಕ್ತದ ಪರೀಕ್ಷೆಯಲ್ಲ, ದುಬಾರಿಯೂ ಅಲ್ಲ. ಮೂತ್ರಪಿಂಡವೂ ಹೃದಯದಂತೆ ಕಿರುನಾಳಗಳ ಗೊಂಚಲು. ಅಲ್ಲಿ ಸೋರಿಕೆ ಆರಂಭವಾಗಿದ್ದರೆ ಬೇರೆಡೆಯ ಕಿರುನಾಳಗಳೂ ಸುಸ್ಥಿತಿಯಲ್ಲಿ ಇರಲಾರವೆಂಬ ಅನುಮಾನಕ್ಕೆ ಆಧಾರ ಸಿಗುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಹೆಚ್ಚಿನ ಆಲ್ಬುಮಿನ್ ಇದ್ದರೆ ಅದು ಅಸಹಜ.

ಗ್ಯಾಲೆಕ್ಟಿನ್-3, ಜಿಡಿಎಫ್-15, ಎಸ್‌ಟಿ-2 ಮುಂತಾದ ಹೊಸ ಸೂಚಕಗಳು ಹೃದಯದಲ್ಲಿ ನಾರುಗಟ್ಟುವಿಕೆ ಅಥವಾ ಜೀವಕೋಶಗಳ ಸಂಕಟವನ್ನು ಸೂಚಿಸುತ್ತವೆ. 2024ರ ವೈದ್ಯಕೀಯ ನೊಬೆಲ್‌ಗೆ ಕಾರಣವಾದ ಮೈಕ್ರೋ ಆರ್‌ಎನ್‌ಎಗಳ ಮೇಲೂ ಅಧ್ಯಯನಗಳು ಸಾಗಿವೆ. ಇವೆಲ್ಲ ಸದ್ಯಕ್ಕೆ ಸಂಶೋಧನಾಲಯದ ಸಾಧನಗಳು. ಕಿರುನಾಳ ರೋಗವನ್ನು ನಿರ್ಧರಿಸಲು ಯಾವ ಮಾರ್ಗಸೂಚಿಯೂ ಇವುಗಳನ್ನು ಕಡ್ಡಾಯ ಮಾಡಿಲ್ಲ.

ಒಂದೇ ಪರೀಕ್ಷೆ ಏಕೆ ಸಾಲದು?

ಮೊದಲನೆಯ ಕಾರಣ, ತೋಳಿನಿಂದ ತೆಗೆದ ರಕ್ತ ಇಡೀ ದೇಹದ್ದು. ಅದರಲ್ಲಿ ಮಂಡಿಯ ಉರಿಯೂತ, ಯಕೃತ್ತಿನ ಕೊಬ್ಬು, ಮೂತ್ರಪಿಂಡದ ದಣಿವು ಎಲ್ಲವೂ ಬೆರೆತಿರುತ್ತವೆ. ಹೃದಯದ ಕಿರುನಾಳದ ದನಿ ಅದರಲ್ಲಿ ಬಹು ಕ್ಷೀಣ. ಎರಡನೆಯದಾಗಿ, ಕಿರುನಾಳ ಹೃದ್ರೋಗ ಒಂದೇ ರೋಗವಲ್ಲ. ಗೋಡೆ ದಪ್ಪವಾದವರ ಸೂಚಕ ಸೆಳೆತವುಳ್ಳವರ ಸೂಚಕಕ್ಕಿಂತ ಬೇರೆಯಿದ್ದರೆ ಆಶ್ಚರ್ಯವಿಲ್ಲ. ಮೂರನೆಯದಾಗಿ, ಹೆಚ್ಚಿನ ಅಧ್ಯಯನಗಳು ಸಣ್ಣವು. ಒಬ್ಬರು ತಂತಿಯಿಂದ ಅಳೆದರೆ ಮತ್ತೊಬ್ಬರು ಎಕೋದಿಂದ ಅಳೆದಿದ್ದಾರೆ. ಅಳತೆಗೋಲೇ ಬೇರೆಯಾದಾಗ ಫಲಿತಾಂಶಗಳನ್ನು ಒಟ್ಟಿಗೆ ತೂಗುವುದು ಕಷ್ಟ.

ನಾಲ್ಕನೆಯದು ಲೆಕ್ಕದ ಕಾರಣ. ರೋಗವಿದ್ದ 100 ಜನರಲ್ಲಿ 80 ಜನರನ್ನು ಹಿಡಿಯುವ, ರೋಗವಿಲ್ಲದ 100 ಜನರಲ್ಲಿ 80 ಜನರಿಗೆ 'ಇಲ್ಲ' ಎನ್ನುವ ರಕ್ತಪರೀಕ್ಷೆಯೊಂದು ಇದೆಯೆಂದು ಕಲ್ಪಿಸಿಕೊಳ್ಳೋಣ. ಯಾವ ದೂರೂ ಇಲ್ಲದ 1,000 ಜನರಿಗೆ ಶಿಬಿರದಲ್ಲಿ ಅದನ್ನು ಮಾಡಿದೆವು. ಅವರಲ್ಲಿ 50 ಜನರಿಗೆ ಮಾತ್ರ ರೋಗವಿದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ 40 ಜನರನ್ನು ಸರಿಯಾಗಿ ಹಿಡಿಯುತ್ತದೆ. ಜೊತೆಗೆ ರೋಗವಿಲ್ಲದ 950 ಜನರಲ್ಲಿ 190 ಜನರನ್ನೂ ರೋಗಿಗಳೆನ್ನುತ್ತದೆ. ಅಂದರೆ 'ಇದೆ' ಎಂಬ ಚೀಟಿ ಪಡೆದ 230 ಜನರಲ್ಲಿ 190 ಜನರಿಗೆ ರೋಗವೇ ಇಲ್ಲ. 10 ಜನ ನಿಜವಾದ ರೋಗಿಗಳು 'ಇಲ್ಲ' ಎಂಬ ಸುಳ್ಳು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಅದೇ ಪರೀಕ್ಷೆಯನ್ನು, ನೂರಕ್ಕೆ 30 ಜನರಿಗೆ ರೋಗವಿರುವ ಗುಂಪಿನಲ್ಲಿ ಮಾಡಿದರೆ 'ಇದೆ' ಎನಿಸಿಕೊಂಡ 38 ಜನರಲ್ಲಿ 24 ಜನ ನಿಜವಾದ ರೋಗಿಗಳಾಗಿರುತ್ತಾರೆ. ಪರೀಕ್ಷೆ ಒಂದೇ, ಯಾರಿಗೆ ಮಾಡಿದೆವು ಎಂಬುದರ ಮೇಲೆ ಅದರ ಬೆಲೆ ಬದಲಾಗುತ್ತದೆ. 'ಸಂಪೂರ್ಣ ಹೃದಯ ತಪಾಸಣೆ' ಎಂಬ ಜಾಹೀರಾತಿನ ಪ್ಯಾಕೇಜುಗಳಿಗೆ ಹಣ ತೆರುವ ಮುನ್ನ ಈ ಲೆಕ್ಕವನ್ನು ನೆನೆಯುವುದು ಒಳಿತು.

ಡೆನ್ಮಾರ್ಕಿನ 'ಐ-ಪವರ್' ಅಧ್ಯಯನ ಇನ್ನೊಂದು ಸತ್ಯ ತಿಳಿಸಿತು. ಎದೆನೋವಿದ್ದೂ ಧಮನಿಗಳಲ್ಲಿ ತಡೆಯಿಲ್ಲದ 963 ಮಹಿಳೆಯರನ್ನು ಡಾಪ್ಲರ್ ಎಕೋದಿಂದ ಪರೀಕ್ಷಿಸಿದಾಗ ಶೇ. 26ರಷ್ಟು ಜನರಲ್ಲಿ ಹರಿವಿನ ಮೀಸಲು ಎರಡು ಪಟ್ಟಿಗಿಂತ ಕಡಿಮೆಯಿತ್ತು. ಈ ವರದಿ 2016ರಲ್ಲಿ ಬಂತು. ನೋವು ಎಂಥದು ಎಂಬುದನ್ನು ಕೇಳಿಯಾಗಲಿ, ವಯಸ್ಸು, ರಕ್ತದೊತ್ತಡಗಳಂಥ ಮಾಮೂಲಿ ಅಪಾಯಕಾರಿ ಅಂಶಗಳನ್ನು ನೋಡಿಯಾಗಲಿ ಇವರನ್ನು ನಿಖರವಾಗಿ ಬೇರ್ಪಡಿಸಲು ಆಗಲಿಲ್ಲ. ಹರಿವನ್ನು ಅಳೆದೇ ತಿಳಿಯಬೇಕಾಯಿತು.

ಹಾಗಾದರೆ ಯಾವ ರಕ್ತಪರೀಕ್ಷೆ ಬೇಕು?

ಉತ್ತರ ಸರಳ, ಅಷ್ಟೇ ಉಪಯುಕ್ತ. ಧಮನಿ ಸ್ವಚ್ಛವಿದ್ದೂ ಎದೆನೋವು ಮುಂದುವರಿದವರಿಗೆ ಮೊದಲು ಬೇಕಾದವು ಸಾಮಾನ್ಯ ಪರೀಕ್ಷೆಗಳೇ. ಅವುಗಳಲ್ಲಿ ಮೊದಲನೆಯದು ಹಿಮೋಗ್ಲೋಬಿನ್. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿಯೇ ಕುಂದಿದ್ದರೆ ನಾಳಗಳೆಲ್ಲ ಸರಿಯಿದ್ದರೂ ಹೃದಯ ಬಳಲುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆಯಿದೆ. ಹೀಗಿರುವಾಗ ಹಿಮೋಗ್ಲೋಬಿನ್ ನೋಡದೆ ದುಬಾರಿ ಸೂಚಕಗಳ ಬೆನ್ನುಹತ್ತುವುದು ವಿವೇಕವಲ್ಲ.

ಥೈರಾಯ್ಡ್ ಪರೀಕ್ಷೆ, ಸಕ್ಕರೆ ಮತ್ತು ಎಚ್‌ಬಿಎ1ಸಿ, ಕೊಲೆಸ್ಟರಾಲ್, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಇವು ನಂತರದವು. ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದವರಲ್ಲಿ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚು ತೋರಿಸಬಹುದು ಎಂಬುದನ್ನೂ ವೈದ್ಯರು ಗಮನಿಸುತ್ತಾರೆ. ಏದುಸಿರು, ಕಾಲುಬಾವು ಇದ್ದವರಿಗೆ ಎನ್‌ಟಿ-ಪ್ರೊ ಬಿಎನ್‌ಪಿ ಪರೀಕ್ಷೆ ಸಹಾಯಕ. ಆಗಷ್ಟೇ ಕಾಣಿಸಿಕೊಂಡ ತೀವ್ರ ಎದೆನೋವಿಗೆ ಇಸಿಜಿ ಮತ್ತು ಟ್ರೋಪೋನಿನ್ ಅನಿವಾರ್ಯ. ಅತಿಸೂಕ್ಷ್ಮ ಸಿಆರ್‌ಪಿ ಅಪಾಯದ ಅಂದಾಜಿಗೆ ನೆರವಾಗಬಹುದು, ರೋಗ ನಿರ್ಣಯಕ್ಕಲ್ಲ.

ಪತ್ತೆಯಾದರೆ ಪ್ರಯೋಜನವುಂಟೇ?

ಸ್ಟೆಂಟ್ ಹಾಕಲು ಬಾರದ ರೋಗವನ್ನು ಹುಡುಕಿ ಮಾಡುವುದೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಕೊಟ್ಟುದು ಸ್ಕಾಟ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ 'ಕಾರ್‌ಮೈಕಾ' ಪ್ರಯೋಗ. ಧಮನಿಗಳಲ್ಲಿ ಗಂಭೀರ ತಡೆಯಿಲ್ಲದ 151 ರೋಗಿಗಳಿಗೆ ತಂತಿಯ ಪರೀಕ್ಷೆ ಮಾಡಲಾಯಿತು. 78 ಜನರಲ್ಲಿ ಕಿರುನಾಳದ ಹೃದಯಶೂಲೆ, 25 ಜನರಲ್ಲಿ ಸೆಳೆತದಿಂದ ಬರುವ ಹೃದಯಶೂಲೆ, 31 ಜನರಲ್ಲಿ ಎರಡೂ ಇದ್ದವು. ಹೃದಯಕ್ಕೆ ಸಂಬಂಧಿಸದ ನೋವು 17 ಜನರಲ್ಲಿ ಮಾತ್ರ. ಅರ್ಧದಷ್ಟು ಜನರ ವೈದ್ಯರಿಗೆ ಈ ಫಲಿತಾಂಶವನ್ನು ತಿಳಿಸಿ ಅದಕ್ಕೆ ತಕ್ಕ ಚಿಕಿತ್ಸೆ ನೀಡಲಾಯಿತು. ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮುಂದುವರಿಯಿತು. ಆರು ತಿಂಗಳ ಬಳಿಕ ಮೊದಲ ಗುಂಪಿನವರಿಗೆ ನೋವು ಕಡಿಮೆಯಾಗಿತ್ತು, ಬದುಕಿನ ಗುಣಮಟ್ಟ ಸುಧಾರಿಸಿತ್ತು.

ಕಾರಣ ಸ್ಪಷ್ಟ. ಹಿಗ್ಗದ ನಾಳಕ್ಕೆ ಬೀಟಾ ಬ್ಲಾಕರ್ ಗುಂಪಿನ ಔಷಧ ಒಗ್ಗಬಹುದು; ಸೆಳೆತಕ್ಕೆ ಬೇಕಾದುದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. ಸೆಳೆತವುಳ್ಳ ಕೆಲವರಿಗೆ ಬೀಟಾ ಬ್ಲಾಕರ್‌ನಿಂದ ತೊಂದರೆ ಹೆಚ್ಚುವುದೂ ಉಂಟು. ಸ್ಟ್ಯಾಟಿನ್, ಎಸಿಇ ಇನ್‌ಹಿಬಿಟರ್ ಔಷಧಗಳನ್ನೂ ವೈದ್ಯರು ಸೂಚಿಸುತ್ತಾರೆ. ಇವುಗಳನ್ನು ಸ್ವತಃ ಆಯ್ದು ನುಂಗುವುದು ಅಪಾಯಕರ. ತಂಬಾಕನ್ನು ಪೂರ್ತಿ ಬಿಡುವುದು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವುದು, ವೈದ್ಯರು ಹೇಳಿದ ಮಿತಿಯಲ್ಲಿ ನಡಿಗೆ, ತೂಕ ಇಳಿಕೆ ಇವು ಎಲ್ಲ ಬಗೆಯವರಿಗೂ ಅನ್ವಯಿಸುವ ಚಿಕಿತ್ಸೆ.

ರೋಗಿ ಕೇಳಬೇಕಾದುದು

ಆಂಜಿಯೋಗ್ರಾಂ ಸರಿಯಿದೆ ಎಂದಾಗ ನೋವು ಇನ್ನೂ ಇದ್ದರೆ ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಬಹುದಾದ ಪ್ರಶ್ನೆಗಳು ಇಂತಿವೆ. ನನ್ನ ಧಮನಿಗಳು ಪೂರ್ತಿ ಸ್ವಚ್ಛವಾಗಿವೆಯೇ ಅಥವಾ ಅಲ್ಪಸ್ವಲ್ಪ ಕೊಬ್ಬು ಕಟ್ಟಿದೆಯೇ? ಇದು ಕಿರುನಾಳದ ಅಥವಾ ಸೆಳೆತದ ತೊಂದರೆ ಇರಬಹುದೇ? ಹರಿವನ್ನು ಅಳೆಯುವ ಪರೀಕ್ಷೆ ನನಗೆ ಅಗತ್ಯವೇ, ಅದು ಎಲ್ಲಿ ದೊರೆಯುತ್ತದೆ? ರಕ್ತಹೀನತೆ, ಥೈರಾಯ್ಡ್ ನೋಡಿಯಾಗಿದೆಯೇ? ಹೊಸ ರಕ್ತಪರೀಕ್ಷೆ ಬರೆದುಕೊಟ್ಟರೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಬಹುದು: ಇದರ ಫಲಿತಾಂಶ ಹೇಗೆ ಬಂದರೆ ನನ್ನ ಚಿಕಿತ್ಸೆ ಬದಲಾಗುತ್ತದೆ? ಬದಲಾಗದು ಎಂಬುದೇ ಉತ್ತರವಾದರೆ ಆ ಹಣ ಉಳಿಸಬಹುದು.

ನೋವು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ತಗ್ಗುತ್ತದೆ ಎಂಬುದನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು ಹೋಗುವುದು ವೈದ್ಯರಿಗೂ ನೆರವಾಗುತ್ತದೆ. ಎದೆ ಹಿಂಡುವ ನೋವು ವಿಶ್ರಾಂತಿಯಿಂದಲೂ ತಗ್ಗದೆ ಮುಂದುವರಿದರೆ, ಬೆವರು, ಏದುಸಿರು, ತಲೆಸುತ್ತು ಜೊತೆಗೂಡಿದರೆ ಹಳೆಯ ಆಂಜಿಯೋಗ್ರಾಂ ವರದಿಯನ್ನು ನೆಚ್ಚಿ ಮನೆಯಲ್ಲಿ ಕುಳಿತುಕೊಳ್ಳಬಾರದು. 108ಕ್ಕೆ ಕರೆ ಮಾಡಿ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಸೇರಬೇಕು. ಕಿರುನಾಳ ರೋಗವಿದ್ದವರಿಗೂ ಹೃದಯಾಘಾತ ಆಗದೆಂಬ ಭರವಸೆಯಿಲ್ಲ.

ರಕ್ತದ ಸೂಚಕಗಳು ಈವರೆಗೆ ತೋರಿಸಿರುವುದು ದಿಕ್ಕನ್ನು, ಮನೆಯ ವಿಳಾಸವನ್ನಲ್ಲ. ಉರಿಯೂತ, ಒಳಪದರದ ಬಳಲಿಕೆ, ಸ್ನಾಯುವಿನ ಒತ್ತಡ ಇವು ರೋಗದ ಬೆನ್ನಿಗಿವೆ ಎಂಬುದನ್ನು ಅವು ಸ್ಪಷ್ಟಪಡಿಸಿವೆ. ಅಪಾಯ ಯಾರಿಗೆ ಹೆಚ್ಚು ಎಂಬುದನ್ನು ಸೂಚಿಸಿವೆ. ರೋಗವನ್ನು ಖಚಿತಪಡಿಸುವ ಕೆಲಸ ಇಂದಿಗೂ ಹರಿವಿನ ಅಳತೆಯದ್ದೇ. ಆ ಅಳತೆ ತಾಲ್ಲೂಕು, ಜಿಲ್ಲೆಗಳ ರೋಗಿಗಳಿಗೆ ಕೈಗೆಟುಕುವವರೆಗೆ, ನೋವಿದೆ ಎನ್ನುವವರ ಮಾತನ್ನು ನಂಬಿ ಕೇಳುವ ವೈದ್ಯರು, ಹಾಗೆಯೇ ಕೇಳುವ ಮನೆಯವರು ಈ ರೋಗಿಗಳಿಗೆ ಅತ್ಯಗತ್ಯ.